ಕಟ್ಟಿದ ಹಲ್ಲು, ನೆಟ್ಟ ಹಲ್ಲು

ಬೆಂಗಳೂರಿನಲ್ಲಿ ಎರಡು ಮಾರೇನಹಳ್ಳಿಗಳಿವೆ. ಒಂದು ಜೆ.ಪಿ. ನಗರದ ಕಡೆಯದು, ಇನ್ನೊಂದು ವಿಜಯನಗರದ ಮಗ್ಗುಲಿನದು. ನಾವಿರುವುದು ಎರಡನೆಯದರಲ್ಲಿ. ಹೆಸರಿನಲ್ಲಿ ಹಳ್ಳಿ ಉಳಿದುಕೊಂಡಿದೆಯೇ ಹೊರತು ಹೊಲ ತೋಟಗಳ ಗುರುತಿಲ್ಲ. ಮನೆಯಿಂದ ಮೆಟ್ರೋ ನಿಲ್ದಾಣದವರೆಗೆ ನಡೆದರೆ ಸಾಕು, ಹಲ್ಲಿನ ಆಸ್ಪತ್ರೆಗಳ ಬೋರ್ಡುಗಳು ಒಂದರ ಹಿಂದೆ ಒಂದು ಸಿಗುತ್ತವೆ. ಇಪ್ಪತ್ತೈದು ವರ್ಷಗಳ ಹಿಂದೆ ಇಂಥ ಬೋರ್ಡುಗಳಲ್ಲಿ ‘ಹಲ್ಲು ಕೀಳಲಾಗುವುದು, ಹಲ್ಲು ಕಟ್ಟಲಾಗುವುದು’ ಎಂದಿರುತ್ತಿತ್ತು. ಈಗ ಹೆಚ್ಚಿನವುಗಳಲ್ಲಿ ‘ಇಂಪ್ಲಾಂಟ್’ ಎಂಬ ಪದವಿದೆ. ಪಕ್ಕದಲ್ಲಿ ಒಂದು ತಿರುಪು ಮೊಳೆ, ಅದರ ತಲೆಯ ಮೇಲೆ ಬಿಳಿ ಹಲ್ಲಿನ ಚಿತ್ರ.

ಈ ಚಿತ್ರವನ್ನು ನಾನು ನಿಂತು ನೋಡತೊಡಗಿದ್ದು ನಮ್ಮ ಚಾಚಾ ಅವರಿಂದಾಗಿ. ಅವರು ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಓಡಿಸಿದವರು. ಕೆಲಸ ಬಿಟ್ಟ ಮೇಲೆ ಮಗ್ರಿಬ್ ನಮಾಝಿನ ಬಳಿಕ ಗಲ್ಲಿಯ ಮಕ್ಕಳನ್ನು ಕೂರಿಸಿಕೊಂಡು ಅರಬೀ ಅಕ್ಷರ ಕಲಿಸುತ್ತಿದ್ದರು. ಸಕ್ಕರೆ ಕಾಯಿಲೆ, ಜೊತೆಗೆ ವಸಡಿನ ರೋಗ. ಅರವತ್ತೆಂಟನೆಯ ವಯಸ್ಸಿನಲ್ಲಿ ಮೇಲಿನ ಸಾಲಿನ ನಾಲ್ಕು ಬಾಚಿಹಲ್ಲುಗಳು ಅಲುಗಾಡಿ ಉದುರಿದವು. ದವಡೆ ಹಲ್ಲುಗಳು ಉಳಿದಿದ್ದರಿಂದ ಊಟಕ್ಕೆ ಅಂಥ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಪಾಠಕ್ಕೆ.

ಅರಬಿಯ ‘ಥಾ’, ‘ಝಾಲ್’ ಅಕ್ಷರಗಳನ್ನು ಮೇಲಿನ ಬಾಚಿಹಲ್ಲುಗಳ ಅಂಚಿಗೆ ನಾಲಿಗೆಯ ತುದಿ ತಾಗಿಸಿ ಹೇಳಬೇಕು. ‘ಫಾ’ ಹೇಳುವಾಗ ಕೆಳತುಟಿ ಅದೇ ಅಂಚನ್ನು ಮುಟ್ಟಬೇಕು. ಯಾವ ಅಕ್ಷರ ಬಾಯಿಯ ಯಾವ ಜಾಗದಿಂದ ಹೊರಡುತ್ತದೆಂದು ಎಂಟನೆಯ ಶತಮಾನದ ವ್ಯಾಕರಣಕಾರ ಸೀಬವೈಹಿ ವಿವರವಾಗಿ ಬರೆದಿಟ್ಟಿದ್ದಾನೆ. ನಮ್ಮ ಕನ್ನಡ ವ್ಯಾಕರಣದಲ್ಲೂ ತ, ಥ, ದ, ಧ, ನ ಅಕ್ಷರಗಳಿಗೆ ದಂತ್ಯಗಳೆಂದೇ ಹೆಸರು. ಹಲ್ಲಿಲ್ಲದ ಬಾಯಿ ಅಕ್ಷರವನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಎರಡೂ ಭಾಷೆಯ ಪಂಡಿತರು ಬಲ್ಲವರಾಗಿದ್ದರು. ಮಕ್ಕಳಂತೂ ಗುರು ಹೇಳಿದ್ದನ್ನೇ ಹೇಳುವವರು. ಚಾಚಾ ಬಾಯಿಂದ ಗಾಳಿ ಹೊರಟರೆ ಹನ್ನೆರಡು ಬಾಯಿಗಳಿಂದಲೂ ಗಾಳಿಯೇ ಹೊರಟಿತು. “ತಪ್ಪು ಕಲಿಸುವುದಕ್ಕಿಂತ ಸುಮ್ಮನಿರುವುದು ಮೇಲು” ಎಂದು ಅವರು ಒಂದು ಸಂಜೆ ಪಾಠ ನಿಲ್ಲಿಸಿಬಿಟ್ಟರು.

ನಾನು ಅವರನ್ನು ಹಲ್ಲಿನ ವೈದ್ಯರ ಬಳಿ ಕರೆದುಕೊಂಡು ಹೋದೆ. ವೈದ್ಯರು ಮೂರು ದಾರಿಗಳನ್ನು ಹೇಳಿದರು. ತೆಗೆದು ಹಾಕಬಹುದಾದ ಸೆಟ್ಟು ಒಂದು. ಪಕ್ಕದ ಗಟ್ಟಿ ಹಲ್ಲುಗಳನ್ನು ಅರೆದು, ಅವುಗಳ ಆಸರೆಯಲ್ಲಿ ಕೂರಿಸುವ ಬ್ರಿಡ್ಜ್ ಇನ್ನೊಂದು. ಮೂರನೆಯದು ದವಡೆಯ ಮೂಳೆಯಲ್ಲೇ ಟೈಟಾನಿಯಂ ತಿರುಪು ಕೂರಿಸಿ ಅದರ ಮೇಲೆ ಹಲ್ಲು ನಿಲ್ಲಿಸುವ ಇಂಪ್ಲಾಂಟ್. ಮೇಜಿನ ಮೇಲಿದ್ದ ಮಾದರಿ ತಿರುಪನ್ನು ಚಾಚಾ ಬೆರಳುಗಳ ನಡುವೆ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಹಲ್ಲಿನ ವಿಷಯ ಮರೆತು “ಈ ಥ್ರೆಡ್ ಎಷ್ಟು ಸೊಗಸಾಗಿ ಹೊಡೆದಿದ್ದಾರೆ ನೋಡು” ಎಂದರು. ಆಮೇಲೆ ಬೆಲೆ ಕೇಳಿದರು. ನಾಲ್ಕು ಹಲ್ಲಿಗೆ ಎರಡು ತಿರುಪು, ಮೇಲೆ ಹಲ್ಲುಗಳು, ಸೇರಿ ಒಂದು ಲಕ್ಷ ದಾಟುತ್ತಿತ್ತು. ಅವರು ತಿರುಪನ್ನು ಮೆಲ್ಲನೆ ಡಬ್ಬಿಯಲ್ಲಿಟ್ಟರು.

ಕಳೆದುಹೋದ ಹಲ್ಲಿನ ಜಾಗಕ್ಕೆ ಮನುಷ್ಯ ಏನೇನನ್ನು ತಂದಿಟ್ಟಿದ್ದಾನೆ ಎಂದು ನಾನು ಹುಡುಕಿ ಓದತೊಡಗಿದ್ದು ಆ ದಿನದ ನಂತರ.

ಕನ್ನಡದಲ್ಲಿ ನಾವು ‘ಹಲ್ಲು ಕಟ್ಟಿಸಿಕೊಂಡೆ’ ಎನ್ನುತ್ತೇವೆ. ಈ ‘ಕಟ್ಟು’ ಎಂಬ ಮಾತು ಚರಿತ್ರೆಗೆ ಚೆನ್ನಾಗಿ ಹೊಂದುತ್ತದೆ. ಸಾವಿರಾರು ವರ್ಷ ಮನುಷ್ಯನಿಗೆ ಸಾಧ್ಯವಿದ್ದದ್ದು ಕಟ್ಟುವುದೊಂದೇ. ಈಗಿನ ಲೆಬನಾನಿನ ಸಿಡಾನ್ ಪಟ್ಟಣದ ಹಳೆಯ ಸಮಾಧಿಯೊಂದರಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ದವಡೆ ಸಿಕ್ಕಿತು. ಕ್ರಿಸ್ತಪೂರ್ವ ಕಾಲದ ಫಿನೀಷಿಯನ್ನರದು. ಅದರಲ್ಲಿ ಬೇರೊಬ್ಬರ ಹಲ್ಲುಗಳನ್ನು ಚಿನ್ನದ ತಂತಿಯಿಂದ ಪಕ್ಕದ ಹಲ್ಲುಗಳಿಗೆ ಬಿಗಿಯಲಾಗಿತ್ತು. ಇಟಲಿಯ ಎಟ್ರುಸ್ಕನ್ನರು ಅದಕ್ಕೂ ಮೊದಲೇ ಚಿನ್ನದ ಪಟ್ಟಿ ಬಳಸಿ ಹೀಗೆ ಮಾಡುತ್ತಿದ್ದರು. ಚಿನ್ನ ಎಂದ ಕೂಡಲೇ ಅದು ಯಾರ ಬಾಯಿಯದಾಗಿರಬಹುದು ಎಂಬುದನ್ನು ಹೇಳಬೇಕಿಲ್ಲ.

ಚಿನ್ನವೇ ಏಕೆ? ಅಂದಚೆಂದಕ್ಕಿಂತ ದೊಡ್ಡ ಕಾರಣವೊಂದಿತ್ತು. ಹದೀಸ್ ಗ್ರಂಥಗಳನ್ನು ಓದಿದವರಿಗೆ ಅರ್ಫಜಾ ಬಿನ್ ಅಸ್‌ಅದ್ (ರ) ಅವರ ವೃತ್ತಾಂತ ಗೊತ್ತಿರಬಹುದು. ಅಬೂದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿ ಅದಿದೆ. ಇಸ್ಲಾಮಿನ ಪೂರ್ವದಲ್ಲಿ ನಡೆದ ಕುಲಾಬ್ ಕದನದಲ್ಲಿ ಅವರ ಮೂಗು ಕತ್ತರಿಸಿಹೋಗಿತ್ತು. ಬೆಳ್ಳಿಯ ಮೂಗು ಮಾಡಿಸಿಕೊಂಡರು, ಅದು ದುರ್ವಾಸನೆ ಹಿಡಿಯಿತು. ಆಗ ಪ್ರವಾದಿಯವರು (ಸ) ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಗಂಡಸರಿಗೆ ಚಿನ್ನದ ಆಭರಣ ನಿಷಿದ್ಧವಾಗಿರುವಾಗ ಈ ಅನುಮತಿಯ ವ್ಯಾಪ್ತಿ ಎಷ್ಟು ಎಂಬ ಚರ್ಚೆ ಧರ್ಮಶಾಸ್ತ್ರಜ್ಞರಲ್ಲಿ ನಡೆಯಿತು. ಅಲುಗುವ ಹಲ್ಲನ್ನು ಬೆಳ್ಳಿಯಿಂದಲೇ ಕಟ್ಟಬೇಕು, ಚಿನ್ನ ಬೇಡ ಎಂಬುದು ಇಮಾಂ ಅಬೂಹನೀಫಾರ ಅಭಿಪ್ರಾಯ. ಅವರ ಶಿಷ್ಯ ಇಮಾಂ ಮುಹಮ್ಮದ್ ಚಿನ್ನದಿಂದ ಕಟ್ಟಿದರೂ ಅಡ್ಡಿಯಿಲ್ಲ ಎಂದರು. ಗುರುವಿನ ಮಾತನ್ನು ಶಿಷ್ಯ ಒಪ್ಪದಿರುವುದು ಆ ಪರಂಪರೆಯಲ್ಲಿ ಸಾಮಾನ್ಯ ಸಂಗತಿ. ಇಲ್ಲಿ ನಾವು ಗಮನಿಸಬೇಕಾದದ್ದು ಬೇರೆ. ಪ್ರಶ್ನೆ ಬರೀ ಅನುಮತಿಯದಾಗಿರಲಿಲ್ಲ, ದೇಹ ಯಾವ ಲೋಹವನ್ನು ಸಹಿಸಿಕೊಳ್ಳುತ್ತದೆ ಎಂಬುದೂ ಅದರಲ್ಲಿ ಸೇರಿತ್ತು.

ಇದೇ ಮಾತನ್ನು ಶಸ್ತ್ರವೈದ್ಯನೊಬ್ಬ ತನ್ನ ಅನುಭವದಿಂದ ಹೇಳಿದ್ದಾನೆ. ಸ್ಪೇನಿನ ಕುರ್ತುಬಾ ನಗರದ ಹತ್ತಿರದ ಅಲ್ ಝಹ್ರಾದಲ್ಲಿ ಹುಟ್ಟಿ 1013ರ ಸುಮಾರಿಗೆ ತೀರಿಕೊಂಡ ಅಬುಲ್ ಕಾಸಿಂ ಅಲ್ ಝಹ್ರಾವಿ ಬರೆದ ‘ಅತ್ತಸ್ರೀಫ್’ ಮೂವತ್ತು ಭಾಗಗಳ ವೈದ್ಯಗ್ರಂಥ. ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು, ಉಪಕರಣಗಳ ಚಿತ್ರಗಳೊಂದಿಗೆ. ಹಲ್ಲಿನ ಪಾಚಿ ಕೆರೆಯುವ ಸಾಧನಗಳನ್ನೇ ಅದರಲ್ಲಿ ಸಾಲಾಗಿ ಬರೆದು ತೋರಿಸಿದ್ದಾನೆ. ಅಲುಗುವ ಹಲ್ಲುಗಳನ್ನು ತಂತಿಯಿಂದ ಹೇಗೆ ಹೆಣೆಯಬೇಕು, ಗಂಟು ನಾಲಿಗೆಗೆ ಚುಚ್ಚದಂತೆ ಎಲ್ಲಿ ಮಡಿಸಬೇಕು ಎಂದು ವಿವರಿಸುತ್ತ ಚಿನ್ನದ ತಂತಿಯೇ ಉತ್ತಮ ಎನ್ನುತ್ತಾನೆ. ಬೆಳ್ಳಿ ಕೆಲ ದಿನಗಳಲ್ಲಿ ಹಸಿರುಗಟ್ಟಿ ಕೆಡುತ್ತದೆ, ಚಿನ್ನ ಬದಲಾಗುವುದಿಲ್ಲ ಎಂಬುದು ಆತನ ಕಾರಣ. ಬಿದ್ದ ಹಲ್ಲಿನ ಜಾಗಕ್ಕೆ ಹಸುವಿನ ಮೂಳೆಯನ್ನು ಹಲ್ಲಿನ ಆಕಾರಕ್ಕೆ ಕೆತ್ತಿ ಹಾಗೆಯೇ ಕಟ್ಟಬಹುದು ಎಂದೂ ಹೇಳುತ್ತಾನೆ. ಹನ್ನೆರಡನೆಯ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಟೊಲೆಡೊದಲ್ಲಿ ಕುಳಿತು ಈ ಭಾಗವನ್ನು ಲ್ಯಾಟಿನ್ನಿಗೆ ತಂದ ಮೇಲೆ ಯುರೋಪಿನ ಶಸ್ತ್ರವೈದ್ಯರು ಶತಮಾನಗಳ ಕಾಲ ಅದನ್ನೇ ಓದಿದರು.

ಕಟ್ಟುವುದರ ದೋಷ ಯಾರಿಗೂ ಗೊತ್ತಿರದೆ ಇರಲಿಲ್ಲ. ಬೇರಿಲ್ಲದ ಹಲ್ಲು ಪಕ್ಕದ ಹಲ್ಲಿಗೆ ಭಾರ. ಆಸರೆ ಕೊಟ್ಟ ಹಲ್ಲು ಸಡಿಲವಾದರೆ ಕಟ್ಟಿದ್ದೂ ಹೋಯಿತು. ಹಾಗಾಗಿ ಬೇರಿನ ಜಾಗದಲ್ಲೇ ಏನನ್ನಾದರೂ ನೆಡುವ ಯೋಚನೆಯೂ ಹಳೆಯದೇ. ಮಧ್ಯ ಅಮೆರಿಕದ ಹೊಂಡುರಾಸ್‌ನಲ್ಲಿ 1931ರಲ್ಲಿ ಅಗೆತದ ವೇಳೆ ಸಿಕ್ಕ ಪ್ರಾಚೀನ ದವಡೆಯ ತುಂಡಿನಲ್ಲಿ ಮೂರು ಬಾಚಿಹಲ್ಲುಗಳ ಕುಳಿಗಳಲ್ಲಿ ಚಿಪ್ಪಿನ ಚೂರುಗಳಿದ್ದವು. ಸತ್ತ ಮೇಲೆ ಶೃಂಗಾರಕ್ಕಾಗಿ ಇಟ್ಟದ್ದಿರಬೇಕು ಎಂದು ಮೊದಲು ಭಾವಿಸಿದರು. 1970ರ ಸುಮಾರಿಗೆ ಎಕ್ಸ್-ರೇ ತೆಗೆದು ನೋಡಿದರೆ ಚಿಪ್ಪಿನ ಸುತ್ತ ಮೂಳೆ ಬೆಳೆದಂತೆ ಕಂಡಿತು. ಅಂದರೆ ಬದುಕಿದ್ದಾಗಲೇ ನೆಟ್ಟದ್ದು.

ಯುರೋಪಿನವರು ಹಿಡಿದ ದಾರಿ ಬೇರೆ, ಅದು ಕರಾಳವಾದದ್ದು. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಹೆಸರಾಂತ ಶಸ್ತ್ರವೈದ್ಯ ಒಬ್ಬರ ಹಲ್ಲನ್ನು ಕಿತ್ತು ಇನ್ನೊಬ್ಬರ ಕುಳಿಯಲ್ಲಿ ಕೂರಿಸುವುದಕ್ಕೆ ಶಾಸ್ತ್ರದ ಬೆಂಬಲ ಕೊಟ್ಟ. ಕಿತ್ತ ಹಲ್ಲು ಯಾರದು? ಬಡ ಹುಡುಗ ಹುಡುಗಿಯರದು. ಕೂರುವ ಬಾಯಿ ಯಾರದು? ಕಾಸಿದ್ದವರದು. ವಿಕ್ಟರ್ ಹ್ಯೂಗೋನ 1862ರ ‘ಲೆ ಮಿಸರಾಬ್ಲ್’ ಕಾದಂಬರಿಯಲ್ಲಿ ಫಾಂಟೀನ್ ಎಂಬ ತಾಯಿ ಮಗಳಿಗಾಗಿ ತನ್ನ ಮುಂದಿನ ಹಲ್ಲುಗಳನ್ನು ಮಾರುವುದನ್ನು ಓದಿ ನಾವು ಅದು ಕತೆಗಾರನ ಕಲ್ಪನೆ ಎಂದುಕೊಳ್ಳುತ್ತೇವೆ. ಕಲ್ಪನೆಯೇನಲ್ಲ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಧಿಕಾರ ಸ್ವೀಕರಿಸುವಾಗ ಬಾಯಲ್ಲಿ ಉಳಿದಿದ್ದದ್ದು ಒಂದೇ ಸ್ವಂತ ಹಲ್ಲು. ಅವನ ಲೆಕ್ಕದ ಪುಸ್ತಕದಲ್ಲಿ 1784ರಲ್ಲಿ ಗುಲಾಮರಿಂದ ಒಂಬತ್ತು ಹಲ್ಲು ಕೊಂಡದ್ದಕ್ಕೆ ಹಣ ಸಂದಾಯವಾದ ನಮೂದಿದೆ. ಮಾರಿದವರಿಗೆ ‘ಕೊಡುವುದಿಲ್ಲ’ ಎನ್ನುವ ಸ್ವಾತಂತ್ರ್ಯ ಎಷ್ಟಿತ್ತು ಎಂಬುದನ್ನು ಆ ನಮೂದು ಹೇಳುವುದಿಲ್ಲ. 1815ರ ವಾಟರ್ಲೂ ಯುದ್ಧದ ನಂತರ ರಣಭೂಮಿಯ ಹೆಣಗಳಿಂದ ಕಿತ್ತ ಹಲ್ಲುಗಳು ಇಂಗ್ಲೆಂಡಿನಲ್ಲಿ ‘ವಾಟರ್ಲೂ ಹಲ್ಲು’ ಎಂಬ ಹೆಸರಿನಿಂದಲೇ ಪ್ರಸಿದ್ಧವಾದವು. ಪಿಂಗಾಣಿ ಹಲ್ಲು ಬಂದು, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗಟ್ಟಿ ರಬ್ಬರಿನ ಅಗ್ಗದ ವಸಡು ಬಂದು, 1930ರ ದಶಕದಲ್ಲಿ ಅಕ್ರಿಲಿಕ್ ಪ್ಲಾಸ್ಟಿಕ್ ಬಂದ ಮೇಲೆ ಹಲ್ಲಿನ ಸೆಟ್ಟು ಸಾಮಾನ್ಯರ ಕೈಗೆ ಎಟುಕಿತು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಕಾಲೇಜು ಕಟ್ಟಿದವರು ಡಾ. ರಫೀಉದ್ದೀನ್ ಅಹ್ಮದ್. ಪೂರ್ವ ಬಂಗಾಳದಲ್ಲಿ 1890ರ ಡಿಸೆಂಬರ್ 24ರಂದು ಹುಟ್ಟಿ, ಅಲಿಘರ್‌ನಲ್ಲಿ ಓದಿ, 1915ರಲ್ಲಿ ಅಮೆರಿಕದ ಐಯೋವಾ ವಿಶ್ವವಿದ್ಯಾಲಯದಿಂದ ದಂತವೈದ್ಯ ಪದವಿ ಪಡೆದರು. ಊರಿಗೆ ಮರಳಿ 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತ ಕಾಲೇಜು ತೆರೆದರು. ಹಣ ಎಲ್ಲಿಂದ ಬಂತು ಎಂಬುದು ಸ್ವಾರಸ್ಯಕರ. ಅವರು ‘ನ್ಯೂಯಾರ್ಕ್ ಸೋಡಾ ಫೌಂಟನ್’ ಎಂಬ ಪಾನೀಯದ ಅಂಗಡಿಯೊಂದನ್ನು ನಡೆಸಿ ಅದರ ಆದಾಯದಿಂದ ಕಾಲೇಜು ಸಾಕಿದರು. ಸಿಹಿ ಸೋಡಾ ಕುಡಿದವರ ಹಲ್ಲು ಕೆಟ್ಟು ಅದೇ ಕಾಲೇಜಿಗೆ ಬಂದಿರಬಹುದೇ ಎಂದು ಚಾಚಾ ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ. ಆರಂಭದ ವಿದ್ಯಾರ್ಥಿಗಳಲ್ಲಿ ಫಾತಿಮಾ ಜಿನ್ನಾ ಒಬ್ಬರು. 1923ರಲ್ಲಿ ಅವರು ಮುಂಬಯಿಯಲ್ಲಿ ಚಿಕಿತ್ಸಾಲಯ ತೆರೆದರು. ಡಾ. ಅಹ್ಮದ್ ದಂತವೈದ್ಯ ಪತ್ರಿಕೆ ನಡೆಸಿದರು, ಪಠ್ಯಪುಸ್ತಕ ಬರೆದರು, ಪಶ್ಚಿಮ ಬಂಗಾಳದ ಮಂತ್ರಿಯಾದರು. 1949ರಲ್ಲಿ ಕಾಲೇಜನ್ನು ಸರ್ಕಾರಕ್ಕೆ ಒಪ್ಪಿಸಿಬಿಟ್ಟರು. ಈಗ ಅದು ಅವರದೇ ಹೆಸರಿನಲ್ಲಿದೆ. 1964ರಲ್ಲಿ ಪದ್ಮಭೂಷಣ ಬಂತು, ಮರುವರ್ಷ ತೀರಿಕೊಂಡರು. ನಮ್ಮ ಶಾಲಾ ಪುಸ್ತಕಗಳಲ್ಲಿ ಅವರ ಹೆಸರನ್ನು ನಾನು ಕಂಡಿಲ್ಲ.

ಕರ್ನಾಟಕಕ್ಕೆ ಬಂದರೆ, ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಒತ್ತಿನಲ್ಲಿ ಆರಂಭವಾಯಿತು. 1965ರಲ್ಲಿ ಮಣಿಪಾಲದಲ್ಲಿ ಖಾಸಗಿ ಕಾಲೇಜು ಬಂತು. ನಂತರದ ದಶಕಗಳಲ್ಲಿ ದಾವಣಗೆರೆ, ಬೆಳಗಾವಿ, ಧಾರವಾಡ, ಕಲಬುರಗಿ, ವಿಜಯಪುರ, ಮಂಗಳೂರು ಎಂದು ಸಂಖ್ಯೆ ಬೆಳೆಯುತ್ತ ಹೋಗಿ, ದಂತ ಕಾಲೇಜುಗಳು ಅತಿ ಹೆಚ್ಚಿರುವ ರಾಜ್ಯಗಳ ಸಾಲಿಗೆ ನಾವು ಸೇರಿದೆವು. ಕಾಲೇಜು ಹೆಚ್ಚಿದ್ದರಿಂದಲೇ ಮಾರೇನಹಳ್ಳಿಯಂಥ ಬಡಾವಣೆಯ ಅಡ್ಡರಸ್ತೆಗಳಲ್ಲೂ ಈಗ ಪದವೀಧರ ದಂತವೈದ್ಯರಿದ್ದಾರೆ.

ಆದರೆ ಸರ್ಕಾರಿ ದಂತ ಕಾಲೇಜಿನ ಕೂಗಳತೆಯಲ್ಲೇ, ಕೆ.ಆರ್. ಮಾರ್ಕೆಟ್ಟಿನ ಫುಟ್‌ಪಾತಿನಲ್ಲಿ, ಇನ್ನೊಂದು ದಂತವೈದ್ಯ ಬಹುಕಾಲ ನಡೆಯಿತು. ಹಾಸಿದ ಬಟ್ಟೆ, ಅದರ ಮೇಲೆ ಸಾಲಾಗಿ ಜೋಡಿಸಿದ ಹಲ್ಲುಗಳು, ಪ್ಲಾಸ್ಟರಿನ ಅಚ್ಚುಗಳು, ಒಂದು ಕೈಗನ್ನಡಿ, ಪುಡಿ ಮತ್ತು ದ್ರವದ ಬಾಟಲಿ. ಮಾಡುವವರಲ್ಲಿ ನಮ್ಮ ಸಮುದಾಯದವರು ಅನೇಕರು, ತಂದೆಯಿಂದ ಮಗ ಕಲಿತ ಕಸಬು. ಪೂರ್ತಿ ಸೆಟ್ಟಿಗೆ ಅವರು ‘ಬತ್ತೀಸಿ’ ಎನ್ನುತ್ತಾರೆ, ಮೂವತ್ತೆರಡರ ಗಂಟು. ದೇಶದ ಬೇರೆ ನಗರಗಳಲ್ಲಿ ಇಂಥದೇ ಕಸಬನ್ನು ಚೀನಾದ ಹುಬೇ ಪ್ರಾಂತದಿಂದ ಬಂದ ಕುಟುಂಬಗಳು ಅಂಗಡಿ ಹಾಕಿ ನಡೆಸಿದವು. 1948ರ ದಂತವೈದ್ಯರ ಕಾಯ್ದೆ ಬಂದಾಗ ಪದವಿಯಿಲ್ಲದಿದ್ದರೂ ಅಷ್ಟು ಹೊತ್ತಿಗೆ ಐದು ವರ್ಷ ಕಸಬು ಮಾಡಿದ್ದವರಿಗೆ ನೋಂದಣಿಯ ಎರಡನೆಯ ಪಟ್ಟಿಯೊಂದನ್ನು ಇಟ್ಟಿತ್ತು. ಆ ಬಾಗಿಲು ಮುಚ್ಚಿದ ಮೇಲೆ ಉಳಿದವರೆಲ್ಲ ಕಾನೂನಿನ ಹೊರಗಾದರು. 2010ರ ದಶಕದಲ್ಲಿ ವಿದೇಶಿ ಸುದ್ದಿಸಂಸ್ಥೆಗಳವರು ಬಂದು ಬೆಂಗಳೂರಿನ ಈ ಬೀದಿ ದಂತವೈದ್ಯರ ಚಿತ್ರ ತೆಗೆದು ಜಗತ್ತಿಗೆಲ್ಲ ತೋರಿಸಿದರು, ಒಂದು ಅಚ್ಚರಿಯೆಂಬಂತೆ.

ನಾನು ಅವರ ವಕಾಲತ್ತು ವಹಿಸುತ್ತಿಲ್ಲ. ಕುದಿಸದ ಉಪಕರಣ ಬಾಯಿಂದ ಬಾಯಿಗೆ ಹೋದರೆ ಕಾಮಾಲೆಯ ಸೋಂಕೂ ಹೋಗುತ್ತದೆ. ತೆಗೆಯಲಾಗದಂತೆ ಪ್ಲಾಸ್ಟಿಕ್ ಹಿಟ್ಟಿನಿಂದ ಪಕ್ಕದ ಹಲ್ಲಿಗೆ ಅಂಟಿಸಿದ ಹಲ್ಲಿನ ಕೆಳಗೆ ವಸಡು ಕೊಳೆತು, ಗಟ್ಟಿಯಿದ್ದ ಹಲ್ಲುಗಳೂ ಉದುರುತ್ತವೆ. ಆದರೂ ಒಂದು ಮಾತು. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು ಮಗಳ ಮದುವೆಗೆ ಮುನ್ನ ಕೆಲವು ನೂರು ರೂಪಾಯಿ ಹಿಡಿದು ಬಂದಾಗ, ಅವನ ಬೊಚ್ಚು ಬಾಯಿಯನ್ನು ತುಂಬಿಸಿ ಕಳುಹಿಸಲು ಆ ರಸ್ತೆಯಲ್ಲಿ ಬೇರೆ ಯಾರಿದ್ದರು? 2014-15ರಲ್ಲಿ ರಾಜ್ಯ ಸರ್ಕಾರ ‘ದಂತ ಭಾಗ್ಯ’ ಯೋಜನೆ ತಂದು, ಬಡತನದ ರೇಖೆಗಿಂತ ಕೆಳಗಿನ ಅರವತ್ತು ದಾಟಿದವರಿಗೆ ದಂತ ಕಾಲೇಜುಗಳ ಮೂಲಕ ಉಚಿತ ಸೆಟ್ಟು ಕೊಡಲು ಹೊರಟಿತು. ಮುಂದೆ ವಯಸ್ಸಿನ ಮಿತಿಯನ್ನು 45ಕ್ಕೆ ಇಳಿಸಲಾಯಿತು. ನಗುವವರು ನಕ್ಕರು, ಇದಕ್ಕೂ ಒಂದು ಭಾಗ್ಯವೇ ಎಂದು. ಹಲ್ಲಿಲ್ಲದವರು ನಗಲಿಲ್ಲ.

ಇನ್ನು ತಿರುಪಿನ ಕತೆ. ಅದು ಹಲ್ಲಿಗಾಗಿ ಹುಟ್ಟಿದ್ದೇ ಅಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ 1952ರಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಯುವ ಸಂಶೋಧಕ ಮೂಳೆಯೊಳಗೆ ರಕ್ತ ಹರಿಯುವುದನ್ನು ನೋಡಬೇಕೆಂದು ಮೊಲದ ಕಾಲಿನ ಮೂಳೆಗೆ ಟೈಟಾನಿಯಂನ ಪುಟ್ಟ ಗೂಡೊಂದನ್ನು ಕೂರಿಸಿದ. ಪ್ರಯೋಗ ಮುಗಿದ ಮೇಲೆ ಬೆಲೆಬಾಳುವ ಗೂಡನ್ನು ತೆಗೆಯಹೋದರೆ ಅದು ಬರಲೊಲ್ಲದು. ಮೂಳೆ ಲೋಹವನ್ನು ತನ್ನದೇ ತುಂಡೆಂಬಂತೆ ಹಿಡಿದುಕೊಂಡಿತ್ತು. ಟೈಟಾನಿಯಂ ಗಾಳಿ ತಾಗಿದೊಡನೆ ಮೈಮೇಲೆ ತೆಳುವಾದ ಆಕ್ಸೈಡಿನ ಪೊರೆ ಹೊದ್ದುಕೊಳ್ಳುತ್ತದೆ. ಆ ಪೊರೆಯನ್ನು ದೇಹ ಪರಕೀಯವೆಂದು ದೂರ ತಳ್ಳುವುದಿಲ್ಲ, ಮೂಳೆಯ ಜೀವಕೋಶಗಳು ಅದಕ್ಕೆ ಒತ್ತಿ ಬೆಳೆಯುತ್ತವೆ. ಬೆಳ್ಳಿ ಕೆಡುತ್ತದೆ, ಚಿನ್ನ ಕೆಡುವುದಿಲ್ಲ ಎಂದು ಝಹ್ರಾವಿ ಬರೆದು ಹತ್ತು ಶತಮಾನಗಳಾಗುವ ಹೊತ್ತಿಗೆ, ಕೆಡದಿರುವುದಷ್ಟೇ ಅಲ್ಲ, ಬೇರೂರಬಲ್ಲ ಲೋಹವೊಂದು ಸಿಕ್ಕಿತ್ತು.

1965ರಲ್ಲಿ ಗೋಸ್ಟಾ ಲಾರ್ಸನ್ ಎಂಬ ವ್ಯಕ್ತಿ ಈ ಚಿಕಿತ್ಸೆ ಪಡೆದ ಮೊದಲಿಗನಾದ. ಹುಟ್ಟಿನಿಂದಲೇ ದವಡೆ ವಿಕಾರವಾಗಿ, ಹಲ್ಲುಗಳಿಲ್ಲದೆ ಉಣ್ಣಲು ಮಾತಾಡಲು ಕಷ್ಟಪಡುತ್ತಿದ್ದವನು. ಕೆಳದವಡೆಯಲ್ಲಿ ನಾಲ್ಕು ತಿರುಪುಗಳನ್ನು ಕೂರಿಸಲಾಯಿತು. 2006ರಲ್ಲಿ ಅವನು ತೀರಿಕೊಳ್ಳುವಾಗಲೂ, ನಲವತ್ತು ವರ್ಷಗಳ ಬಳಿಕ, ಅವು ಕೆಲಸ ಮಾಡುತ್ತಿದ್ದವು. ಬ್ರೋನೆಮಾರ್ಕ್ ದಂತವೈದ್ಯನಲ್ಲವೆಂದು ಸ್ವದೇಶದ ದಂತವೈದ್ಯರೇ ವರ್ಷಗಳ ಕಾಲ ಅವನನ್ನು ನಂಬಲಿಲ್ಲ. 1982ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ನಂತರವೇ ಜಗತ್ತು ಒಪ್ಪಿದ್ದು. ಆಮೇಲೆ ಅದು ಎಲ್ಲ ಕಡೆ ಹರಡಿತು, ನಮ್ಮ ಗಲ್ಲಿಯ ಬೋರ್ಡಿನವರೆಗೆ.

ಓದುಗರಲ್ಲಿ ಈ ಚಿಕಿತ್ಸೆಯ ಯೋಚನೆಯಲ್ಲಿರುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಹಲ್ಲು ಕಿತ್ತ ಜಾಗದಲ್ಲಿ ದವಡೆಯ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಹಾಗಾಗಿ ಬಹಳ ತಡಮಾಡಿದರೆ ತಿರುಪು ಹಿಡಿಯಲು ಮೂಳೆ ಸಾಲದೆ ಹೋಗಬಹುದು. ತಿರುಪು ಕೂರಿಸಿದ ಮೇಲೆ ಮೂಳೆ ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇರದಿದ್ದರೆ, ಬೀಡಿ ಸಿಗರೇಟು ಬಿಡದಿದ್ದರೆ ಸೋಲುವ ಸಂಭವ ಹೆಚ್ಚು. ನೆಟ್ಟ ಹಲ್ಲು ಹುಳುಕಾಗುವುದಿಲ್ಲ ನಿಜ, ಆದರೆ ಅದರ ಸುತ್ತಲ ವಸಡಿಗೆ ರೋಗ ಬರುತ್ತದೆ, ಆದ್ದರಿಂದ ತಿಕ್ಕಿ ತೊಳೆಯುವುದು ತಪ್ಪುವುದಿಲ್ಲ. ಮೂಳೆ ಸಾಲದವರಿಗೆ ತುಂಬುವ ಪುಡಿಯನ್ನು ಹೆಚ್ಚಾಗಿ ದನದ ಮೂಳೆಯಿಂದ ತಯಾರಿಸುತ್ತಾರೆ. ಕುರ್ತುಬಾದ ವೈದ್ಯ ಕೆತ್ತಿದ ವಸ್ತು ಹೀಗೆ ಮತ್ತೆ ಬಾಯಿಗೆ ಬಂದಿದೆ. ಮೇಲೆ ಹೊದಿಸುವ ಪೊರೆಗಳಲ್ಲಿ ಕೆಲವು ಹಂದಿಯ ಮೂಲದವು. ಬೇಡವೆನ್ನುವವರು ಮೊದಲೇ ಕೇಳಿದರೆ ವೈದ್ಯರು ಬೇರೆಯದನ್ನು ಬಳಸುತ್ತಾರೆ, ಕೇಳಲು ನಾಚಿಕೊಳ್ಳಬೇಕಿಲ್ಲ. ಹೆಚ್ಚಿನ ಆರೋಗ್ಯ ವಿಮೆಗಳು ಅಪಘಾತದ ಪ್ರಕರಣವಲ್ಲದೆ ಹಲ್ಲಿನ ಖರ್ಚು ಕೊಡುವುದಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಮಾಡಿದವರಿಗೆ ಹಲ್ಲೂ ಇಲ್ಲದ ಕಾಸೂ ಇಲ್ಲದ ವಯಸ್ಸು ಕಂಡಿರಲಿಲ್ಲವೇನೋ.

ಚಾಚಾ ಅವರ ಸಕ್ಕರೆಯ ಮೂರು ತಿಂಗಳ ಸರಾಸರಿ ನೋಡಿ ವೈದ್ಯರೇ ಸದ್ಯಕ್ಕೆ ತಿರುಪು ಬೇಡ ಎಂದರು. ಮಕ್ಕಳು ಸಾಲ ಮಾಡುತ್ತೇವೆ, ಸಕ್ಕರೆ ಇಳಿಯಲಿ, ಕಾಯೋಣ ಎಂದರು. ಚಾಚಾ ಕಾಯಲು ಒಪ್ಪಲಿಲ್ಲ. ಅವರಿಗೆ ಬೇಕಿದ್ದದ್ದು ನಾಲ್ಕು ಹಲ್ಲಿನ ಅಂಚು. ದಂತ ಕಾಲೇಜೊಂದರಲ್ಲಿ ತೆಗೆದು ಹಾಕುವ ಸೆಟ್ಟು ಮಾಡಿಸುವುದೆಂದು ತೀರ್ಮಾನವಾಯಿತು. ಐದು ಸಲ ಹೋಗ ಬೇಕಾಯಿತು. ವಿಜಯನಗರದಲ್ಲಿ ಮೆಟ್ರೋ ಹತ್ತಿ ಹೋಗುವಾಗಲೆಲ್ಲ ಅವರು ಕರವಸ್ತ್ರ ಬಾಯಿಗೆ ಅಡ್ಡ ಹಿಡಿದೇ ಮಾತಾಡುತ್ತಿದ್ದರು.

ನಾಲ್ಕನೆಯ ಸಲ ಹಲ್ಲುಗಳನ್ನು ಮೇಣದ ಮೇಲೆ ಜೋಡಿಸಿ ಬಾಯಿಗಿಟ್ಟು ನೋಡುವ ದಿನ. ಚಿಕಿತ್ಸೆ ಮಾಡುತ್ತಿದ್ದ ವಿದ್ಯಾರ್ಥಿನಿ ಹಾಸನದ ಕಡೆಯ ಹುಡುಗಿ. “ತಾತ, ಇಂಗ್ಲಿಷಿನಲ್ಲಿ ಐವತ್ತರಿಂದ ಅರವತ್ತರವರೆಗೆ ಎಣಿಸಿ” ಎಂದಳು. ‘ಫಿಫ್ಟಿ’ ಎನ್ನುವಾಗ ಕೆಳತುಟಿ ಮೇಲಿನ ಹಲ್ಲನ್ನು ಎಲ್ಲಿ ಮುಟ್ಟುತ್ತದೆ, ‘ಸಿಕ್ಸ್ಟಿ’ ಎನ್ನುವಾಗ ಗಾಳಿ ಸಿಳ್ಳೆ ಹೊಡೆಯುತ್ತದೆಯೇ ಎಂದು ನೋಡಿಯೇ ಹಲ್ಲುಗಳ ಜಾಗ ನಿಶ್ಚಯಿಸುವುದು ಈ ವಿದ್ಯೆಯ ಕ್ರಮವಂತೆ. ಸೀಬವೈಹಿಯ ಪಾಠವನ್ನು ದಂತವೈದ್ಯರೂ ಓದುತ್ತಾರೆಂದು ನನಗೆ ಗೊತ್ತಿರಲಿಲ್ಲ. ಚಾಚಾ ಐವತ್ತರಿಂದ ಐವತ್ತೈದರವರೆಗೆ ಎಣಿಸಿ ನಿಲ್ಲಿಸಿದರು. “ಮಗಳೇ, ನನಗೆ ಬೇಕಾದದ್ದು ಇದಲ್ಲ, ನಾನು ಬೇರೆ ಹೇಳುತ್ತೇನೆ, ನೀನು ಕೇಳು” ಎಂದು ‘ಫಾ’ ಎಂದರು. ‘ಥಾ’ ಎಂದರು. ‘ಝಾಲ್’ ಎನ್ನುವಾಗ ನಾಲಿಗೆ ಹಲ್ಲಿಗೆ ತಡವರಿಸಿತು. ಅವಳು ಸೆಟ್ಟು ತೆಗೆದು ಮೇಣವನ್ನು ಬಿಸಿ ಮಾಡಿ ನಡುವಿನ ಎರಡು ಹಲ್ಲುಗಳನ್ನು ಕೂದಲೆಳೆಯಷ್ಟು ಹಿಂದಕ್ಕೆ ಒತ್ತಿದಳು, ಮತ್ತೆ ಇಟ್ಟಳು. “ಈಗ ಹೇಳಿ ತಾತ.” ಹೇಳಿದರು. ಮತ್ತೆ ತೆಗೆದಳು. ಹೀಗೆ ಮೂರು ಬಾರಿ. ಪಕ್ಕದ ಕುರ್ಚಿಯ ರೋಗಿಗಳು ಬಾಯಿ ತೆರೆದುಕೊಂಡೇ ಇತ್ತ ತಿರುಗಿ ನೋಡುತ್ತಿದ್ದರು.

ಸೆಟ್ಟು ಕೈಗೆ ಬಂದ ವಾರದಲ್ಲಿ ಮಗ್ರಿಬ್ ನಂತರದ ಪಾಠ ಮತ್ತೆ ಆರಂಭವಾಯಿತು. ರಾತ್ರಿ ಅದು ಸ್ಟೀಲ್ ಲೋಟದ ನೀರಿನಲ್ಲಿರುತ್ತದೆ. ಬೆಳಿಗ್ಗೆ ಅದನ್ನು ತೊಳೆಯುವಾಗ ಚಾಚಾ ಅದರ ತಂತಿಯ ಕೊಕ್ಕೆಗಳನ್ನು ಹೆಬ್ಬೆರಳಿನಿಂದ ಸವರಿ, ಎಲ್ಲಾದರೂ ಸಡಿಲವಾಗಿದೆಯೇ ಎಂದು ನೋಡುತ್ತಾರೆ.